ಗೆದ್ದವನ ಕಲ್ಲು, ಮಡಿದವನ ಕಲ್ಲು

ಈಜಿಪ್ಟ್ ಅಂದರೆ ನಮ್ಮ ಶಾಲಾ ಪುಸ್ತಕಗಳಲ್ಲಿ ಪಿರಮಿಡ್ಡು, ಮಮ್ಮಿ, ನೈಲ್ ನದಿ. ಗಿಜಾದ ಪಿರಮಿಡ್ಡುಗಳಿಗಿಂತ ಐನೂರು ವರ್ಷ ಹಳೆಯದಾದ ಒಂದು ಕಲ್ಲು ಕೈರೋದ ಈಜಿಪ್ಷಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಹೆಸರು ನಾರ್ಮರ್ ಫಲಕ. ಎತ್ತರ ಸುಮಾರು 64 ಸೆಂಟಿಮೀಟರ್, ಎರಡು ಅಡಿಗಿಂತ ಒಂದಿಷ್ಟು ಹೆಚ್ಚು. ಗುರಾಣಿಯ ಆಕಾರದ, ಹಸಿರು ಮಿಶ್ರಿತ ಬೂದು ಬಣ್ಣದ ತೆಳ್ಳನೆಯ ಹಲಗೆ. ಎರಡೂ ಮೈಯಲ್ಲಿ ಉಬ್ಬುಚಿತ್ರ. ಕ್ರಿಸ್ತಪೂರ್ವ 3100ರ ಆಸುಪಾಸಿನಲ್ಲಿ ಇದನ್ನು ಕೊರೆದ ಶಿಲ್ಪಿಯ ಹೆಸರು ಉಳಿದಿಲ್ಲ. ಕೊರೆಸಿದವನ ಹೆಸರು ಉಳಿದಿದೆ. ಹೆಸರು ಉಳಿಯಲೆಂದೇ ಅವನು ಕಲ್ಲು ಕೊರೆಸಿದ್ದು.

ಒಂದು ಮೈಯಲ್ಲಿ ರಾಜ ನಿಂತಿದ್ದಾನೆ. ತಲೆಯ ಮೇಲೆ ದಕ್ಷಿಣ ಈಜಿಪ್ಟಿನ ಎತ್ತರದ ಬಿಳಿ ಕಿರೀಟ, ಸೊಂಟದ ಹಿಂದೆ ಗೂಳಿಯ ಬಾಲ. ಬಲಗೈಯಲ್ಲಿ ಗದೆ ಎತ್ತಿ ಹಿಡಿದಿದ್ದಾನೆ, ಎಡಗೈಯಲ್ಲಿ ಮಂಡಿಯೂರಿದ ಶತ್ರುವಿನ ಜುಟ್ಟು. ಏಟು ಇನ್ನೂ ಬಿದ್ದಿಲ್ಲ, ಇನ್ನೇನು ಬೀಳಬೇಕು. ರಾಜನ ಹಿಂದೆ ಅವನ ಅರ್ಧಕ್ಕೂ ಕಡಿಮೆ ಎತ್ತರದ ಸೇವಕನೊಬ್ಬ ಒಂದು ಕೈಯಲ್ಲಿ ರಾಜನ ಪಾದರಕ್ಷೆ, ಇನ್ನೊಂದರಲ್ಲಿ ನೀರಿನ ಗಿಂಡಿ ಹಿಡಿದಿದ್ದಾನೆ. ರಾಜ ಬರಿಗಾಲಲ್ಲಿದ್ದಾನೆ ಅನ್ನುವುದು ಆಗ ಗಮನಕ್ಕೆ ಬರುತ್ತದೆ. ಯುದ್ಧಭೂಮಿಯಲ್ಲಿ ಯಾರೂ ಚಪ್ಪಲಿ ಕಳಚಿಡುವುದಿಲ್ಲ. ದೇವರ ಎದುರು ಕಳಚುತ್ತಾರೆ. ಕೈಕಾಲು ತೊಳೆಯಲು ಗಿಂಡಿಯೂ ಸಿದ್ಧವಾಗಿದೆ. ನಮ್ಮ ಊರಿನ ಯಾವ ಅಜ್ಜಿಗೆ ತೋರಿಸಿದರೂ ಇದು ಕಾಳಗದ ಚಿತ್ರವಲ್ಲ, ಪೂಜೆಯ ಚಿತ್ರ ಎಂದಾಳು. ಇಲ್ಲಿರುವುದು ಯುದ್ಧದ ವರದಿಯಲ್ಲ, ವಿಧಿಯ ಚಿತ್ರಣ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ನಾನು ಅವರ ಪಕ್ಷ.

ಇನ್ನೊಂದು ಮೈಯಲ್ಲಿ ಅದೇ ರಾಜ, ಈಗ ಉತ್ತರದ ಕೆಂಪು ಕಿರೀಟ ಧರಿಸಿ ಮೆರವಣಿಗೆಯಲ್ಲಿ ನಡೆಯುತ್ತಿದ್ದಾನೆ. ಮುಂದೆ ನಾಲ್ವರು ಧ್ವಜಸ್ತಂಭ ಹೊತ್ತವರು. ಅವರೆದುರಿಗೆ ಎರಡು ಸಾಲಿನಲ್ಲಿ ಹತ್ತು ಹೆಣಗಳು, ಕಡಿದ ತಲೆಗಳನ್ನು ಅವರವರ ಕಾಲುಗಳ ನಡುವೆ ಇಟ್ಟಿದ್ದಾರೆ. ಅದರ ಕೆಳಗೆ ಎರಡು ವಿಚಿತ್ರ ಮೃಗಗಳು. ಮೈ ಚಿರತೆಯದು, ಕತ್ತು ಹಾವಿನಷ್ಟು ಉದ್ದ. ಆ ಕತ್ತುಗಳು ಹೆಣೆದುಕೊಂಡು ನಡುವೆ ಒಂದು ದುಂಡನೆಯ ಗುಳಿಯಾಗಿದೆ. ತೀರ ತಳದಲ್ಲಿ ಗೂಳಿಯೊಂದು ಕೋಟೆಗೋಡೆಯನ್ನು ಕೊಂಬಿನಿಂದ ತಿವಿದು ಕೆಡವುತ್ತ, ಬಿದ್ದವನೊಬ್ಬನನ್ನು ತುಳಿಯುತ್ತಿದೆ. ಎರಡೂ ಮೈಯ ನೆತ್ತಿಯಲ್ಲಿ ಹಸುವಿನ ಕೊಂಬು, ಕಿವಿ ಇರುವ ದೇವಿಯ ಮುಖಗಳು. ಅವುಗಳ ನಡುವಿನ ಚೌಕದಲ್ಲಿ ಒಂದು ಮೀನು, ಒಂದು ಉಳಿ. ಮೀನಿಗೆ 'ನಾರ್', ಉಳಿಗೆ 'ಮೆರ್'. ರಾಜನ ಹೆಸರು ಹೀಗೆ ಬರಹವಾಯಿತು. ಈಜಿಪ್ಟಿನ ಲಿಪಿ ಆಗಿನ್ನೂ ಎಳೆಯದು.

ಆ ದುಂಡನೆಯ ಗುಳಿಗೆ ಮತ್ತೆ ಬರುತ್ತೇನೆ. ಇಡೀ ಕಲ್ಲಿನ ಗುಟ್ಟು ಅಲ್ಲಿದೆ.

ನಾರ್ಮರನಿಗಿಂತ ನೂರಾರು ವರ್ಷ ಮೊದಲಿನಿಂದಲೂ ನೈಲ್ ದಡದ ಜನ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದರು. ತಾಮ್ರದ ಅದಿರಿನಿಂದ ಹಸಿರು, ಸೀಸದ ಅದಿರಿನಿಂದ ಕಪ್ಪು. ಚೆಲುವಿಗೆ ಅಷ್ಟೇ ಅಲ್ಲ, ಮರಳುಗಾಡಿನ ಬಿಸಿಲ ಝಳಕ್ಕೂ ನೊಣದ ಕಾಟಕ್ಕೂ ಅದು ರಕ್ಷೆ. ಅದಿರನ್ನು ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು ಉರುಟುಗಲ್ಲಿನಿಂದ ಅರೆದು ಜಿಡ್ಡಿನಲ್ಲಿ ಕಲಸುತ್ತಿದ್ದರು. ನಮ್ಮ ದೇವರ ಕೋಣೆಯಲ್ಲಿ ಗಂಧ ತೇಯುವ ಸಾಣೆಕಲ್ಲು ಇರುತ್ತದಲ್ಲ, ಹಾಗೆಯೇ ಅದೊಂದು ಮನೆಬಳಕೆಯ ವಸ್ತು. ಮೀನಿನ, ಆಮೆಯ, ಹಕ್ಕಿಯ ಆಕಾರದಲ್ಲಿ ಮಾಡಿದ ಇಂಥ ಕಲ್ಲುಗಳು ಆ ಕಾಲದ ಸಾಮಾನ್ಯರ ಸಮಾಧಿಗಳಲ್ಲಿಯೂ ಸಿಕ್ಕಿವೆ. ಬದುಕಿದ್ದಾಗ ದಿನವೂ ಕೈಗೆ ಬರುತ್ತಿದ್ದ ಕಲ್ಲನ್ನು ಸತ್ತವರ ಜೊತೆ ಇಟ್ಟು ಕಳಿಸುತ್ತಿದ್ದರು.

ಬರಬರುತ್ತ ಈ ಕಲ್ಲು ದೊಡ್ಡದಾಯಿತು. ಅಂಚಿನಲ್ಲಿ ಪ್ರಾಣಿಗಳು ಬಂದವು, ಬೇಟೆ ಬಂತು, ಕಾಳಗ ಬಂತು. ಮನೆಯ ಕಲ್ಲು ಗುಡಿ ಸೇರಿತು. ಕೊನೆಗೆ ನಾರ್ಮರನ ಕಾಲಕ್ಕೆ ಇಡೀ ಮೈಯನ್ನು ರಾಜನ ಚಿತ್ರ ತುಂಬಿಕೊಂಡಿತು. ಆದರೂ ಶಿಲ್ಪಿ ಆ ಗುಳಿಯನ್ನು ಬಿಡಲಿಲ್ಲ. ಎರಡು ಮೃಗಗಳ ಕತ್ತು ಸುತ್ತಿಸಿ ಅದಕ್ಕೊಂದು ಜಾಗ ಮಾಡಿಕೊಟ್ಟ. ಅದರಲ್ಲಿ ಯಾರಾದರೂ ಬಣ್ಣ ಅರೆದರೇ? ದೇವರ ಮೂರ್ತಿಗೆ ಕಣ್ಣು ಬರೆಯುವ ಬಣ್ಣ ಅಲ್ಲಿ ತಯಾರಾಗುತ್ತಿತ್ತು ಎಂಬ ಊಹೆ ಇದೆ. ಬಳಸಿದ್ದಿರಲಿ ಬಿಡಲಿ, ಆ ಗುಳಿ ಇರಲೇಬೇಕಿತ್ತು. ಇಲ್ಲದಿದ್ದರೆ ಅದು ಬರೀ ಚಿತ್ರದ ಹಲಗೆ. ಗುಳಿ ಇರುವುದರಿಂದ ಅದು ದೇವರಿಗೆ ಒಪ್ಪಿಸಿದ ಪರಿಕರ.

1897-98ರ ಉತ್ಖನನದಲ್ಲಿ ಕ್ವಿಬೆಲ್ ಮತ್ತು ಗ್ರೀನ್ ಎಂಬ ಇಬ್ಬರು ಇಂಗ್ಲಿಷರಿಗೆ ಇದು ದಕ್ಷಿಣ ಈಜಿಪ್ಟಿನ ಹೈರಾಕೊನ್‌ಪೊಲಿಸ್‌ನಲ್ಲಿ, ಗಿಡುಗ ದೇವರು ಹೋರಸನ ಹಳೆಯ ಗುಡಿಯ ನೆಲದಲ್ಲಿ ಸಿಕ್ಕಿತು. ಅಲ್ಲಿಯ ಅರ್ಚಕರು ತಲೆಮಾರುಗಳಿಂದ ಬಂದ ಕಾಣಿಕೆಗಳನ್ನು ಒಟ್ಟುಮಾಡಿ ಗುಡಿಯ ನೆಲದಡಿಯಲ್ಲೇ ಹೂತಿಟ್ಟಿದ್ದರು. ದೇವರಿಗೆ ಕೊಟ್ಟದ್ದನ್ನು ಹೊರಗೆ ಎಸೆಯುವಂತಿಲ್ಲ. ಮುಕ್ಕಾದ ವಿಗ್ರಹವನ್ನು ಹೊಳೆಗೋ ಕೊಳಕ್ಕೋ ಬಿಡುವ ನಮ್ಮವರ ಮನಸ್ಸು ಅವರಿಗೂ ಇತ್ತು. ಆ ಭಕ್ತಿಯಿಂದಲೇ ಕಲ್ಲು ಐದು ಸಾವಿರ ವರ್ಷ ಮುಕ್ಕಾಗದೆ ಉಳಿಯಿತು.

ಈಜಿಪ್ಟಿನ ಮಾತು ಬಂದಾಗ ಕನ್ನಡಿಗರು ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವನ್ನು ನೆನೆಯುವುದು ವಾಡಿಕೆ. ಅದರಲ್ಲಿ ಕನ್ನಡದ ಮಾತುಗಳಿವೆ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಹೇಳಿದ ಮೇಲೆ ಶಾಮಶಾಸ್ತ್ರಿ, ಗೋವಿಂದ ಪೈ ಅವರಂಥ ಹಿರಿಯರು ಅದರ ಹಿಂದೆ ಬಿದ್ದರು. ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ನಾರ್ಮರನ ಕಲ್ಲನ್ನು ನೋಡಲು ನಮಗೆ ಅಂಥ ರಕ್ತಸಂಬಂಧ ಬೇಕಿಲ್ಲ. ಅದನ್ನು ಓದುವ ಅಭ್ಯಾಸವೇ ನಮ್ಮ ಕಣ್ಣಿಗೆ ಹುಟ್ಟಿನಿಂದ ಇದೆ. ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಿಂದ ಬಸ್ಸು ಹತ್ತಿ ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಹೋದರೆ ಸಾಕು. ತುಂಗೆಯ ದಂಡೆಯ ಶಿವಪ್ಪ ನಾಯಕನ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಒಳಗೆ ಮರದ ದಪ್ಪ ಕಂಬಗಳ ದರ್ಬಾರು. ಜನ ಅದನ್ನು ನೋಡಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನನಗೆ ಮುಖ್ಯವಾದದ್ದು ಜಿಲ್ಲೆಯ ಹಳ್ಳಿಗಳಿಂದ ಬಂದು ಅಲ್ಲಿ ಸೇರಿರುವ, ಕಾದಿ ಮಡಿದವರ ವೀರಗಲ್ಲು, ಸತಿ ಹೋದವರ ಮಾಸ್ತಿಕಲ್ಲುಗಳು.

ಬೆಳಗಿನ ಹೊತ್ತು ಅಥವಾ ಸಂಜೆ ನಾಲ್ಕರ ಮೇಲೆ ಹೋಗಬೇಕು. ನೆತ್ತಿಯ ಬಿಸಿಲಿನಲ್ಲಿ ಉಬ್ಬುಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಕಲ್ಲಿನಲ್ಲೂ ಬಿಲ್ಲಿನ ಗೆರೆ, ಕಿವಿಯ ಓಲೆ, ದನದ ಗಂಗೆದೊಗಲು ಎದ್ದು ಬರುತ್ತವೆ.

ನಮ್ಮ ಕಡೆಯ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹೆಚ್ಚಿನವಕ್ಕೆ ಮೂರು ಅಂಕಣ. ತಳದ ಅಂಕಣದಲ್ಲಿ ಕಾಳಗ: ಜುಟ್ಟು ಬಿಗಿದು ಕಟ್ಟಿ, ಸೊಂಟಕ್ಕೆ ಕಠಾರಿ ಸಿಕ್ಕಿಸಿ, ಬಿಲ್ಲೋ ಕತ್ತಿ-ಗುರಾಣಿಯೋ ಹಿಡಿದ ವೀರ. ಎದುರಿಗೆ ಇಬ್ಬರೋ ಮೂವರೋ. ಊರಿನ ದನ ಹೊಡೆದುಕೊಂಡು ಹೋದವರ ಮೇಲಿನ ಜಗಳವಾಗಿದ್ದರೆ ಪಕ್ಕದಲ್ಲಿ ಒಂದರ ಮೇಲೊಂದು ದನಗಳ ಸಾಲು. ನಡುವಿನ ಅಂಕಣದಲ್ಲಿ ದೇವಕನ್ಯೆಯರು ಅವನ ತೋಳು ಹಿಡಿದು ಚಾಮರ ಬೀಸುತ್ತ ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಅಂಕಣ ಕೈಲಾಸ. ಅಲ್ಲಿ ಲಿಂಗ, ನಂದಿ, ಅರ್ಚಕ, ಎದುರಿಗೆ ಕೈಮುಗಿದು ಕೂತ ಅದೇ ವೀರ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬ. ನೆತ್ತಿಯಲ್ಲಿ ಸೂರ್ಯಚಂದ್ರರು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ: ಯಾವ ಅರಸನ ಕಾಲ, ಯಾವ ಊರು, ಯಾರ ಮಗ, ಏಕೆ ಸತ್ತ. ಬರಹವಿಲ್ಲದ ಕಲ್ಲುಗಳೂ ಬಹಳ ಇವೆ.

ನಾರ್ಮರನ ಫಲಕದ ಎದುರು ಇದನ್ನಿಟ್ಟು ನೋಡಿದರೆ ಶಿಲ್ಪಿಗಳ ಲೆಕ್ಕಾಚಾರ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. ಎರಡರಲ್ಲೂ ಕಥೆಯನ್ನು ಅಡ್ಡಪಟ್ಟಿಗಳಾಗಿ ಕತ್ತರಿಸಿದ್ದಾರೆ. ಎರಡರಲ್ಲೂ ದೊಡ್ಡವನನ್ನು ದೊಡ್ಡದಾಗಿ, ಉಳಿದವರನ್ನು ಚಿಕ್ಕದಾಗಿ ಕೊರೆದಿದ್ದಾರೆ. ಚಿತ್ರದ ಜೊತೆಗೆ ಹೆಸರೂ ಇದೆ. ದೇವರು ಎಲ್ಲರ ಮೇಲೆ ಇದ್ದಾನೆ. ಮೂರು ಸಾವಿರ ಮೈಲಿಯಷ್ಟು ದೂರದ, ನಾಲ್ಕು ಸಾವಿರ ವರ್ಷ ಅಂತರದ ಇಬ್ಬರು ಕಲ್ಲುಕುಟಿಗರು ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗುವಂತೆ ಕೆಲಸ ಮಾಡಿದ್ದಾರೆ.

ಆದರೆ ಒಂದು ವ್ಯತ್ಯಾಸವಿದೆ. ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ನಾರ್ಮರನ ಕಲ್ಲಿನಲ್ಲಿ ದೊಡ್ಡದಾಗಿ ನಿಂತವನು ಕೊಲ್ಲುವವನು. ಸತ್ತ ಹತ್ತು ಮಂದಿಗೆ ಮುಖವೂ ಇಲ್ಲ, ಹೆಸರೂ ಇಲ್ಲ, ತಲೆ ಕಾಲಬುಡದಲ್ಲಿದೆ. ನಮ್ಮ ಕಲ್ಲಿನಲ್ಲಿ ದೊಡ್ಡದಾಗಿ ನಿಂತವನು ಸತ್ತವನು. ಕೈಲಾಸದ ಅಂಕಣದಲ್ಲಿ ಕೂತವನೂ ಅವನೇ. ಅವನನ್ನು ಕಳಿಸಿದ ಅರಸನ ಹೆಸರು ಬರಹದ ಮೊದಲ ಸಾಲಿನಲ್ಲಿ ಬಂದು ಹೋಗುತ್ತದೆ. ಚಿತ್ರದಲ್ಲಿ ಮಾತ್ರ ಅರಸನಿಗೆ ಜಾಗವಿಲ್ಲ.

ಆ ವೀರನಾದರೂ ಯಾರು? ಶಿಕಾರಿಪುರ, ಸೊರಬ, ಸಾಗರ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ನೂರು ವರ್ಷಕ್ಕೂ ಹಿಂದೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೇ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ತೆರೆದು ನೋಡಿದರೆ ಪುಟದ ಮೇಲೆ ಪುಟ ಇವರೇ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವರು, ಊರು ಸುಡುವಾಗ ಅಡ್ಡ ನಿಂತು ಸತ್ತವರು, ಹೆಂಗಸರ ಮಾನ ಉಳಿಸಲು ಹೋಗಿ ಸತ್ತವರು, ಹುಲಿಯ ಬಾಯಿಗೆ ಬಿದ್ದವರು. ಇವರಲ್ಲಿ ಗೌಡರಿದ್ದಾರೆ, ಆಳುಗಳಿದ್ದಾರೆ. ದೊಡ್ಡ ಸಾಮ್ರಾಜ್ಯಗಳ ಇತಿಹಾಸದಲ್ಲಿ ಇವರಿಗೆ ಅರ್ಧ ಸಾಲೂ ಇಲ್ಲ. ಅವರ ಊರಿನವರು ಮಾತ್ರ ಅವರಿಗಾಗಿ ಒಂದೊಂದು ಆಳೆತ್ತರದ ಕಲ್ಲು ನಿಲ್ಲಿಸಿದರು. ಚಿದಾನಂದಮೂರ್ತಿಯವರು 1966ರ ತಮ್ಮ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ, ಆಮೇಲೆ ಆರ್. ಶೇಷಶಾಸ್ತ್ರಿಯವರು ವೀರಗಲ್ಲುಗಳ ಮೇಲಿನ ಗ್ರಂಥದಲ್ಲಿ ಈ ಸಾಮಾನ್ಯರ ಲೋಕವನ್ನು ನಮಗೆ ತೆರೆದು ತೋರಿಸಿದರು. ಆ ಋಣ ದೊಡ್ಡದು.

ಗೆದ್ದವನ ಕಲ್ಲು ನಮ್ಮಲ್ಲಿ ಇಲ್ಲವೆಂದಲ್ಲ. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದಲ್ಲಿ ಸಳ ಸಿಂಹವನ್ನು ತಿವಿಯುವ ಹೊಯ್ಸಳ ಲಾಂಛನ ಇದೆ. ಅದೇ ಭಂಗಿ ಹೊಯ್ಸಳರ ಎಷ್ಟೋ ಗುಡಿಗಳಲ್ಲಿ ಬಂದಿದೆ. ನಾರ್ಮರನ ಗದೆ ಎತ್ತಿದ ಭಂಗಿಗೂ ಅಂಥದ್ದೇ ಆಯುಸ್ಸು. ಅವನಾದ ಮೇಲೆ ಮೂರು ಸಾವಿರ ವರ್ಷ ಈಜಿಪ್ಟಿನ ಅರಸರೆಲ್ಲ ಹಾಗೆಯೇ ನಿಂತರು. ಕೊನೆಗೆ ದೇಶ ರೋಮನ್ನರ ಕೈಗೆ ಹೋದಾಗ ಗುಡಿಯ ಗೋಡೆಗಳ ಮೇಲೆ ರೋಮಿನ ಚಕ್ರವರ್ತಿಗಳನ್ನೂ ಶತ್ರುವಿನ ಜುಟ್ಟು ಹಿಡಿಸಿ ನಿಲ್ಲಿಸಿದರು. ಅಧಿಕಾರಕ್ಕೆ ಒಂದು ಭಂಗಿ ಒಗ್ಗಿದರೆ ಅದು ಬೇಗ ಬಿಡುವುದಿಲ್ಲ. ನಮ್ಮ ಪುಣ್ಯವೆಂದರೆ ಆ ಭಂಗಿಯ ಪಕ್ಕದಲ್ಲೇ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಸಂಖ್ಯೆಯಲ್ಲಿ, ಮಡಿದವರ ಕಲ್ಲುಗಳೂ ಇವೆ.

ಇವು ಬರೀ ನೆನಪಿನ ಕಲ್ಲುಗಳಲ್ಲ, ವಿಧಿಯ ಕಲ್ಲುಗಳೂ ಹೌದು. ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವ ಕಲ್ಲು ಶಿವಮೊಗ್ಗದಲ್ಲಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು. ಕಾಲ ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಎದುರಿಸಿದ ಕಾಲ. ಆ ಕಾಳಗದಲ್ಲಿ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಬೂತುಗನ ಕಡೆ ಮಣಲೇರನೆಂಬ ವೀರ ಕೆಚ್ಚಿನಿಂದ ಕಾದಿದ. ಮೆಚ್ಚಿದ ಬೂತುಗ, ಏನು ಬೇಕೋ ಬೇಡು ಎಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು.

ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ನಾಯಿಗಾಗಿ ಕಲ್ಲು ನಿಲ್ಲಿಸಿದರು. ಕಲ್ಲಿನಲ್ಲಿ ಇಂದಿಗೂ ಆ ಎರಡು ಪ್ರಾಣಿಗಳು ಮೈಗೆ ಮೈ ತಾಗಿಸಿ ಕಚ್ಚಾಡುತ್ತಿವೆ, ಸುತ್ತ ಹಳಗನ್ನಡದ ಅಕ್ಷರ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಗದ್ದೆಯನ್ನು ಕಲ್ಲಿನ ಪೂಜೆಗೆಂದು ಬಿಟ್ಟರು. ಜೊತೆಗೆ ಒಂದು ಕಟ್ಟಳೆ: ಆ ಭೂಮಿಯನ್ನು ಅನುಭವಿಸುವ ಗೊರವ, ಅಂದರೆ ಶೈವ ಅರ್ಚಕ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ.

ತಕ್ಕೋಲದ ಕಾಳಗ ದಕ್ಷಿಣ ಭಾರತದ ಚರಿತ್ರೆಯ ದಿಕ್ಕು ಬದಲಿಸಿದ ಕಾಳಗ. ಅದರ ವಿವರ ನಮಗೆ ಸಿಗುವುದು ಒಂದು ನಾಯಿಯ ಕಲ್ಲಿನಲ್ಲಿ. ಗೆದ್ದ ಅರಸರ ಹೆಸರುಗಳು ಅಕ್ಷರದಲ್ಲಿವೆ, ಚಿತ್ರದಲ್ಲಿ ಇರುವುದು ಕಾಳಿ. ಇಂಥದ್ದು ನಾರ್ಮರನ ಕಲ್ಲಿನಲ್ಲಿ ಊಹಿಸಲೂ ಆಗದ ಮಾತು.

ಪೂಜೆಯ ಕಟ್ಟಳೆ ಒಂದು ಬಗೆ, ಸತ್ತವನ ಮನೆಯವರಿಗೆ ಕೊಡುವ ದತ್ತಿ ಇನ್ನೊಂದು ಬಗೆ. ನೆತ್ತರುಗೊಡಗೆ, ಕಲ್ನಾಡು ಎಂದೆಲ್ಲ ಶಾಸನಗಳು ಕರೆಯುವ ಭೂಮಿ ಅದು. ಅದೇ ಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ನಡುವೆ ಕಾದಿ ಬಿದ್ದ ನಾಗತ್ತರನ ಕಥೆಯಿದೆ. ಅವನು ಸತ್ತ ಸುದ್ದಿ ಕೇಳಿ ಗಂಗರ ಎರೆಯಪ ಅವನ ಪದವಿಯನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಊರುಗಳ ಹೆಸರನ್ನೂ ಕಲ್ಲಿನಲ್ಲೇ ಕೊರೆಸಿದರು. ಕೊಟ್ಟ ಮಾತಿಗೆ ಕಲ್ಲೇ ದಸ್ತಾವೇಜು, ಕಲ್ಲೇ ಸಾಕ್ಷಿ, ಕಲ್ಲೇ ದೇವರು.

ಹಾಗಿದ್ದಾಗ ವಸ್ತುಸಂಗ್ರಹಾಲಯಕ್ಕೆ ಬಂದ ಮೇಲೆ ಈ ಕಲ್ಲುಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಮಳೆಯಿಂದ, ಕಳ್ಳರಿಂದ, ಜೆಸಿಬಿಯಿಂದ ಅವು ಉಳಿಯುತ್ತವೆ. ಅದು ಸಣ್ಣ ಮಾತಲ್ಲ. ಹಳ್ಳಿಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ, ಕಾಲುವೆಗೆ ಹಾಸುಗಲ್ಲಾಗಿ, ಮನೆಯ ಅಡಿಪಾಯವಾಗಿ ಹೋದ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಆದರೆ ಉಳಿದ ಕಲ್ಲಿನ ಪಕ್ಕದಲ್ಲಿ ವೀರಗಲ್ಲು, ಇಂಥ ಶತಮಾನ, ಇಂಥ ಊರು ಎಂಬ ಒಂದು ಸಾಲಿನ ಚೀಟಿ ಸಾಲದು. ಅದು ನಿಂತಿದ್ದದ್ದು ಕೆರೆ ಏರಿಯ ಮೇಲೋ ಗುಡಿಯ ಎದುರೋ? ಯಾವ ದಿಕ್ಕಿಗೆ ಮುಖ ಮಾಡಿತ್ತು? ಅದಕ್ಕೆ ಯಾವ ಹಬ್ಬದಲ್ಲಿ ಎಣ್ಣೆ ಹಚ್ಚುತ್ತಿದ್ದರು, ಯಾರ ಮನೆಯವರು ಹಚ್ಚುತ್ತಿದ್ದರು? ಎಷ್ಟೋ ಊರುಗಳಲ್ಲಿ ಇಂದಿಗೂ ಮಾಸ್ತಿಕಲ್ಲು ಮಾಸ್ತಿಯಮ್ಮನಾಗಿ ಅರಿಸಿನ ಕುಂಕುಮ ಪಡೆಯುತ್ತಿದೆ. ಅಲ್ಲಿಂದ ಒಂದು ಕಲ್ಲು ಬರುವಾಗ ಜೊತೆಯಲ್ಲಿ ಈ ಮಾತುಗಳೂ ಬರಬೇಕಿತ್ತು. ಹೈರಾಕೊನ್‌ಪೊಲಿಸ್‌ನಲ್ಲಿ ಆದ ದೊಡ್ಡ ನಷ್ಟವೂ ಇದೇ. ಅಗೆದವರು ವಸ್ತುಗಳನ್ನು ಎತ್ತಿದ ವೇಗದಲ್ಲಿ, ಯಾವುದು ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಸರಿಯಾಗಿ ಬರೆದಿಡಲಿಲ್ಲ. ನಾರ್ಮರನ ಫಲಕ ಸಿಕ್ಕ ಜಾಗದ ಬಗ್ಗೆಯೇ ಅಗೆದ ಇಬ್ಬರ ಟಿಪ್ಪಣಿಗಳು ಒಂದಕ್ಕೊಂದು ಹೊಂದುವುದಿಲ್ಲ.

ನಮ್ಮ ಕಲ್ಲುಗಳ ಮಾತುಗಳನ್ನು ಕೂಡಿಡುವ ಕೆಲಸ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಆಗಬಹುದು. ಕೆಳದಿ ಗುಂಡಾ ಜೋಯಿಸರು ಮನೆಮನೆ ತಿರುಗಿ ಕೂಡಿಟ್ಟ ಓಲೆಗರಿ, ಕಡತ, ಶಿಲ್ಪಗಳಿಂದ ಬೆಳೆದ ಕೆಳದಿಯ ವಸ್ತುಸಂಗ್ರಹಾಲಯ ಇದೇ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿದೆ. ಇಲ್ಲಿಗೆ ಓದಲು ಬರುವ ಮಕ್ಕಳು ಸೊರಬದವರು, ಶಿಕಾರಿಪುರದವರು, ತರೀಕೆರೆ, ಕಡೂರಿನವರು. ಅವರಲ್ಲಿ ಎಷ್ಟೋ ಮಂದಿಯ ಊರಬಾಗಿಲಲ್ಲಿ ಒಂದು ವೀರಗಲ್ಲು ಇದ್ದೇ ಇರುತ್ತದೆ. ಅದರ ಕಥೆ ಗೊತ್ತಿರುವ ಅಜ್ಜ, ಅಜ್ಜಿ ಇನ್ನೂ ಬದುಕಿದ್ದಾರೆ. ರಜೆಗೆ ಊರಿಗೆ ಹೋದವರು ಮೊಬೈಲಿನಲ್ಲಿ ಕಲ್ಲಿನ ನಾಲ್ಕು ಮಗ್ಗುಲಿನ ಫೋಟೊ ತೆಗೆದು, ಅಜ್ಜಿ ಹೇಳಿದ್ದನ್ನು ಅವಳ ಮಾತಿನಲ್ಲೇ ಧ್ವನಿಮುದ್ರಿಸಿ ತಂದರೆ ಅದೇ ಒಂದು ಭಂಡಾರವಾಗುತ್ತದೆ. ರೈಸ್ ಅವರ ಸಂಪುಟಗಳಲ್ಲಿ ಅಕ್ಷರವಿರುವ ಕಲ್ಲುಗಳಿಗಷ್ಟೇ ಜಾಗ ಸಿಕ್ಕಿತು. ಅಕ್ಷರವಿಲ್ಲದ ಕಲ್ಲುಗಳ ಸರದಿ ಇನ್ನೂ ಬಂದಿಲ್ಲ.

ಇದು ಆಗದ ಕೆಲಸವಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕ್ರಿ.ಶ. 750ರ ಸುಮಾರಿನ, ಗಂಗರ ಶ್ರೀಪುರುಷನ ಕಾಲದ ಒಂದು ವೀರಗಲ್ಲು ಸಿಕ್ಕಿತು. ಕಿತ್ತಯ್ಯನೆಂಬ ವೀರ ಕಾದಿ ಸತ್ತ ಕಥೆ ಅದರಲ್ಲಿದೆ. ಊರಿನ ಜನ, ಶಾಸನಾಸಕ್ತರು ಸೇರಿ ಹಣ ಕೂಡಿಸಿ ಅದಕ್ಕೊಂದು ಕಲ್ಲಿನ ಮಂಟಪ ಕಟ್ಟಿಸಿದರು. ಅದನ್ನು ಹೆಬ್ಬಾಳದಿಂದ ಹೊರಗೆ ಸಾಗಿಸಲಿಲ್ಲ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಮಿಥಿಕ್ ಸೊಸೈಟಿ ಕೈಗೆತ್ತಿಕೊಂಡಿದೆ. ಕಣ್ಣಿಗೆ ಸವೆದು ಕಾಣುವ ಅಕ್ಷರವೂ ಆ ಸ್ಕ್ಯಾನಿನಲ್ಲಿ ಓದಲು ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಕಲ್ಲುಗಳಿಗೆ ಅದೇ ಯಂತ್ರ, ಅದೇ ಶ್ರದ್ಧೆ ಬೇಕು. ಸೊರಬ ತಾಲ್ಲೂಕಿನಿಂದ ಶುರುಮಾಡಬಹುದು.